ನಮ್ಮ ಗುಡ್ಡ ಕರಗಿ ಅವರ ಊರಾಯಿತು

ಕಡೂರು, ಬೀರೂರು, ತರೀಕೆರೆ ಕಡೆಯ ಹಳ್ಳಿಗಳಲ್ಲಿ ಹೆಣ್ಣು ಕೇಳಲು ಹೋದಾಗ ಒಂದು ಕಾಲಕ್ಕೆ ಒಂದೇ ಮಾತು ಸಾಕಿತ್ತಂತೆ: ‘ಹುಡುಗ ಭದ್ರಾವತಿ ಫ್ಯಾಕ್ಟ್ರೀಲಿದಾನೆ’. ಜಮೀನು ಎಷ್ಟು, ತೆಂಗು ಎಷ್ಟು, ಬೋರ್‌ವೆಲ್‌ನಲ್ಲಿ ನೀರಿದೆಯಾ ಎಂಬ ಪ್ರಶ್ನೆಗಳೆಲ್ಲ ಅಲ್ಲಿಗೇ ನಿಲ್ಲುತ್ತಿದ್ದವು. ಹುಡುಗಿಯ ಮಾವಂದಿರು ಕಾಫಿ ಲೋಟ ಕೆಳಗಿಟ್ಟು ‘ಯಾವ ಡಿಪಾರ್ಟ್‌ಮೆಂಟು?’ ಎಂದು ಕೇಳಿದರೆ ಅರ್ಧ ಮದುವೆ ಮುಗಿದ ಹಾಗೆ. ನಮ್ಮ ದೊಡ್ಡಮ್ಮನ ಮದುವೆ ಹೀಗೇ ಕೂಡಿಬಂದದ್ದು. ದೊಡ್ಡಪ್ಪ ಕಪ್ಪಗೆ, ತೆಳ್ಳಗೆ, ಮಾತೂ ಕಡಿಮೆ. ‘ಫ್ಯಾಕ್ಟ್ರಿ ನೋಡಿ ಕೊಟ್ರು ಕಣೋ, ಮುಖ ನೋಡಿ ಅಲ್ಲ’ ಎಂದು ದೊಡ್ಡಮ್ಮ ಈಗಲೂ ಅವರ ಎದುರಿಗೇ ಹೇಳುತ್ತಾರೆ.

ನಾನು ತರೀಕೆರೆ ತಾಲ್ಲೂಕಿನವನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಯಿತು. ಬೆಂಗಳೂರಿನ ಒಂದು ಕಂಪನಿಯಲ್ಲಿ ಏಳು ತಿಂಗಳು ‘ಟ್ರೇನಿ’ ಆಗಿದ್ದೆ. ಕಲಿತದ್ದಕ್ಕಿಂತ ಪೆಟ್ಟಿಗೆ ಹೊತ್ತದ್ದೇ ಹೆಚ್ಚು. ಈಗ ಊರಲ್ಲಿದ್ದೇನೆ. ಅಡಿಕೆ ಕೊಯ್ಲಿನ ಸಮಯದಲ್ಲಿ ತೋಟ, ಉಳಿದಂತೆ ಅರ್ಜಿ ಹಾಕುವುದು, ಪರೀಕ್ಷೆ ಬರೆಯುವುದು. ಈ ಪುಟ ಓದುವ ಬಹಳ ಜನರ ದಿನಚರಿ ಇದೇ ಎಂದು ಗೊತ್ತು, ಹಾಗಾಗಿ ವಿವರಿಸುವುದಿಲ್ಲ.

2023ರ ಜನವರಿಯಲ್ಲಿ ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನದ ಸುದ್ದಿ ಬಂತು. ನಮ್ಮ ಗೆಳೆಯರ ಗುಂಪಿನಲ್ಲಿ ಯಾರೋ ಅದನ್ನು ಹಂಚಿಕೊಂಡರು. ಇನ್ನೊಬ್ಬ ಬರೆದ: ‘ಅದು ಶಿವಮೊಗ್ಗ ಜಿಲ್ಲೆ ವಿಷ್ಯ ಬಿಡ್ರೋ, ನಮಗೇನು?’ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಯಾಕೆಂದರೆ ಆ ಕಾರ್ಖಾನೆಯ ಚಿಮಣಿ ಭದ್ರಾವತಿಯಲ್ಲಿದ್ದರೂ ಬೇರು ನಮ್ಮ ಗುಡ್ಡದಲ್ಲಿತ್ತು.

ಕೆಮ್ಮಣ್ಣುಗುಂಡಿಗೆ ಹೋಗದವರು ನಮ್ಮಲ್ಲಿ ಯಾರಿದ್ದಾರೆ? ಕಾಲೇಜಿನ ಟ್ರಿಪ್ ಎಂದರೆ ಅದೇ. ಝೆಡ್ ಪಾಯಿಂಟ್‌ನಲ್ಲಿ ನಿಂತು ಫೋಟೊ, ಹೆಬ್ಬೆ ಜಲಪಾತದಲ್ಲಿ ಒದ್ದೆ ಬಟ್ಟೆ, ವಾಪಸ್ ಬರುವಾಗ ಕಲ್ಲತ್ತಿಗಿರಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬಂದು ಉಳಿಯುತ್ತಿದ್ದ ಜಾಗ, 1942ರಲ್ಲಿ ತೋಟಗಾರಿಕೆ ಇಲಾಖೆಗೆ ಸೇರಿತು ಎಂಬುದನ್ನೆಲ್ಲ ಅಲ್ಲಿಯ ಗೈಡುಗಳೂ ಹೇಳುತ್ತಾರೆ. ಆದರೆ ಹೆಸರನ್ನು ಒಂದು ಸಲ ನಿಧಾನವಾಗಿ ಉಚ್ಚರಿಸಿ ನೋಡಿ: ಕೆಂ, ಮಣ್ಣು, ಗುಂಡಿ. ಗುಲಾಬಿ ತೋಟಕ್ಕೆ ಇಡುವ ಹೆಸರಲ್ಲ ಅದು. ಅದಿರು ತೆಗೆದ ಜಾಗದ ಹೆಸರು. ಬಾಬಾಬುಡನ್ ಬೆಟ್ಟಸಾಲಿನ ಈ ಕೆಂಪು ಮಣ್ಣಿನಲ್ಲಿದ್ದ ಕಬ್ಬಿಣವೇ ಭದ್ರಾವತಿಯ ಕುಲುಮೆಗೆ ಹೋಗುತ್ತಿದ್ದದ್ದು.

ಹೇಗೆ ಹೋಗುತ್ತಿತ್ತು ಎಂಬುದು ಇನ್ನೂ ಚೆಂದ. ಗುಡ್ಡದ ಮೇಲೆ ಅಗೆದ ಅದಿರನ್ನು ರೋಪ್‌ವೇ ಬಕೆಟ್‌ಗಳಿಗೆ ತುಂಬುತ್ತಿದ್ದರು. ಬಕೆಟ್‌ಗಳು ಉಕ್ಕಿನ ಹಗ್ಗದ ಮೇಲೆ ತೂಗಾಡುತ್ತ ಕಾಡು, ಕಣಿವೆ ದಾಟಿ ಕೆಳಗೆ ತಣಿಗೆಬೈಲಿಗೆ ಇಳಿಯುತ್ತಿದ್ದವು. ಅಲ್ಲಿಂದ ಮುಂದಕ್ಕೆ ಚಿಕ್ಕ ಹಳಿಯ ಗಾಡಿ ಭದ್ರಾವತಿವರೆಗೆ. ತಣಿಗೆಬೈಲು ಗೊತ್ತಲ್ಲ, ಲಿಂಗದಹಳ್ಳಿ ಹತ್ತಿರದ್ದು. ಈಗ ಆ ಊರಿನ ಹೆಸರು ಹೇಳಿದರೆ ಬೆಂಗಳೂರಿನವರು ‘ಅಲ್ಲಿ ಹೋಂಸ್ಟೇ ಇದೆಯಾ?’ ಎನ್ನುತ್ತಾರೆ.

ನಮ್ಮಜ್ಜ ಸ್ವಲ್ಪ ವರ್ಷ ಆ ಬಕೆಟ್ ತುಂಬುವ ಕೆಲಸ ಮಾಡಿದವರು. ಅವರ ನೆನಪಿನಲ್ಲಿ ಉಳಿದಿರುವುದು ಕಬ್ಬಿಣವಲ್ಲ, ಬಣ್ಣ. ಮಳೆಗಾಲದಲ್ಲಿ ಮೈಯಿಂದ ಇಳಿಯುವ ನೀರೂ ಕೆಂಪು, ಬೇಸಿಗೆಯಲ್ಲಿ ಉಗುಳೂ ಕೆಂಪು. ‘ಎಲೆಅಡಿಕೆ ಹಾಕ್ದೇನೆ ಕೆಂಪಗೆ ಉಗೀತಿದ್ವಿ’ ಎಂದು ನಗುತ್ತಿದ್ದರು. ಅಜ್ಜಿಗೆ ಮಾತ್ರ ನಗು ಬರುತ್ತಿರಲಿಲ್ಲ. ಪಂಚೆ ಎಷ್ಟು ಕುಕ್ಕಿದರೂ ಬಿಳಿಯಾಗಲಿಲ್ಲ, ಕೊನೆಗೆ ಕೆಂಪು ಪಂಚೆಯೇ ಇವರ ಪಂಚೆ ಎಂದು ಒಪ್ಪಿಕೊಂಡೆ ಎನ್ನುತ್ತಿದ್ದರು. ಅಜ್ಜ ಹೇಳುತ್ತಿದ್ದ ಇನ್ನೊಂದು ಮಾತು: ತುಂಬಿದ ಬಕೆಟ್‌ಗಳು ಕೆಳಗಿಳಿಯುವ ಹೊತ್ತಿಗೆ ಖಾಲಿಯವು ಮೇಲೇರಿ ಬರುತ್ತಿದ್ದವು, ಮಂಜಿನಲ್ಲಿ ಎಲ್ಲಿಂದ ಬಂದವು ಎಂದೇ ಕಾಣುತ್ತಿರಲಿಲ್ಲ. ಭದ್ರಾವತಿಯ ಕುಲುಮೆಯನ್ನು ಅವರು ನೋಡಿದ್ದು ಒಂದೇ ಸಲ, ಒಂದು ಆಯುಧಪೂಜೆಯ ದಿನ. ‘ನಾನು ತುಂಬಿದ್ದು ನೀರಾಗಿ ಹರೀತಿತ್ತು ಕಣೋ’ ಎಂದಷ್ಟೇ ಹೇಳಿದ್ದರು.

ಇನ್ನು ಕಾರ್ಖಾನೆ ಅಲ್ಲೇ ಯಾಕೆ ಬಂತು ಎನ್ನುವುದು. ಭದ್ರಾವತಿಗೆ ಮೊದಲು ಬೆಂಕಿಪುರ ಎಂದು ಹೆಸರು. ಕಾರ್ಖಾನೆ ಬರುವ ಮುಂಚೆಯೇ ಆ ಹೆಸರಿತ್ತು ಎಂಬುದು ಕಾಕತಾಳೀಯವೋ ಏನೋ, ಆದರೆ ನಮ್ಮಲ್ಲಿ ಅದನ್ನು ಹೇಳದೆ ಯಾರೂ ಮುಂದೆ ಹೋಗುವುದಿಲ್ಲ. ಭದ್ರಾ ನದಿಯ ನೀರು, ಬೀರೂರಿನಿಂದ ಶಿವಮೊಗ್ಗಕ್ಕೆ ಆಗಲೇ ಇದ್ದ ರೈಲು, ಒಂದು ಕಡೆ ಅದಿರಿನ ಬೆಟ್ಟ, ಸುತ್ತಲೂ ಕಾಡು. ಇಲ್ಲದ್ದು ಕಲ್ಲಿದ್ದಲು ಒಂದೇ. ಕಲ್ಲಿದ್ದಲಿಲ್ಲದೆ ಕಬ್ಬಿಣ ಕರಗಿಸುವುದು ಹೇಗೆ ಎಂಬ ಪ್ರಶ್ನೆಗೆ ಮೈಸೂರು ಸಂಸ್ಥಾನ ಕಂಡುಕೊಂಡ ಉತ್ತರ ಕಟ್ಟಿಗೆಯ ಇದ್ದಿಲು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹೊರಟ ಯೋಜನೆ ಇದು. ಅವರು 1918ರಲ್ಲಿ ಅಧಿಕಾರ ಬಿಟ್ಟರು. ಕುಲುಮೆಗೆ ಬೆಂಕಿ ಬಿದ್ದದ್ದು 1923ರ ಜನವರಿಯಲ್ಲಿ. ಅಂದರೆ ಮುಚ್ಚುವ ಸುದ್ದಿ ಬಂದದ್ದು ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲಿ. ನೂರನೇ ಹುಟ್ಟುಹಬ್ಬಕ್ಕೆ ಇಂಥ ಉಡುಗೊರೆ.

ಮೆಕ್ಯಾನಿಕಲ್ ಓದಿದವನಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಊದುಕುಲುಮೆ ಎಂದರೆ ಎತ್ತರದ ಒಂದು ಗೋಪುರ. ಮೇಲಿನಿಂದ ಅದಿರು, ಇದ್ದಿಲು, ಸುಣ್ಣದ ಕಲ್ಲು ಸುರಿಯುತ್ತಾರೆ. ಕೆಳಗಿನಿಂದ ಬಿಸಿ ಗಾಳಿ ಊದುತ್ತಾರೆ. ಇದ್ದಿಲಿಗೆ ಎರಡು ಕೆಲಸ: ಉರಿದು ಶಾಖ ಕೊಡಬೇಕು, ಜೊತೆಗೆ ಅದಿರಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡಿರುವ ಆಮ್ಲಜನಕವನ್ನು ಕಿತ್ತುಕೊಳ್ಳಬೇಕು. ಸುಣ್ಣದ ಕಲ್ಲು ಉಳಿದ ಕಸವನ್ನೆಲ್ಲ ಸೇರಿಸಿಕೊಂಡು ಕಿಟ್ಟವಾಗಿ ಮೇಲೆ ತೇಲುತ್ತದೆ. ಅಡಿಯಲ್ಲಿ ಬೀಡು ಕಬ್ಬಿಣ ನಿಲ್ಲುತ್ತದೆ. ಇಷ್ಟು ಎಲ್ಲ ಕಡೆಯೂ ಒಂದೇ. ಭದ್ರಾವತಿಯ ವಿಶೇಷ ಎಂದರೆ ಇದ್ದಿಲನ್ನು ಕಾಡಿನಲ್ಲಿ ಗುಂಡಿ ತೋಡಿ ಸುಡುವ ಬದಲು ಮುಚ್ಚಿದ ಪಾತ್ರೆಗಳಲ್ಲಿ ಕಟ್ಟಿಗೆ ಕಾಯಿಸಿ ಮಾಡಿದ್ದು. ಹಾಗೆ ಮಾಡಿದಾಗ ಬರುವ ಹೊಗೆಯೂ ಹಾಳಾಗುವುದಿಲ್ಲ. ಅದನ್ನು ತಣಿಸಿ ಮೆಥನಾಲ್, ಅಸಿಟೇಟ್, ಟಾರ್ ತೆಗೆದರು. ನಮ್ಮ ಪಠ್ಯದಲ್ಲಿ ‘ಉಪಉತ್ಪನ್ನಗಳು’ ಎಂಬ ಒಂದು ಸಾಲು ಇತ್ತು. ಅದನ್ನು ನಾನು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೆ. ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ನೂರು ವರ್ಷದ ಹಿಂದೆ ಅದನ್ನು ಮಾಡಿ ತೋರಿಸಿದ್ದರು ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ.

ಆ ಕಟ್ಟಿಗೆ ಎಲ್ಲಿಂದ? ಶಿವಮೊಗ್ಗದ ಕಾಡಿನಿಂದ, ಮತ್ತು ನಮ್ಮ ಕಾಡಿನಿಂದ. ಆಗ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆ ಎಂದಾದದ್ದು 1947ರಲ್ಲಿ. ಹೀಗೆ ಅದಿರು ನಮ್ಮದು, ಕಟ್ಟಿಗೆಯಲ್ಲಿ ಪಾಲು ನಮ್ಮದು, ಆಮೇಲೆ ಆಳುಗಳೂ ನಮ್ಮವರು. ‘ನಮಗೇನು?’ ಎಂದ ಗೆಳೆಯನಿಗೆ ನಾನು ಇದನ್ನೆಲ್ಲ ಆ ದಿನ ಗುಂಪಿನಲ್ಲಿ ಬರೆದಿದ್ದೆ. ಅವನು ಒಂದು ಹೆಬ್ಬೆರಳು ಕಳಿಸಿದ.

ಶುರುವಿನ ವರ್ಷಗಳು ಸುಖದ್ದಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಬಿದ್ದುಹೋಯಿತು. ಸಂಸ್ಥಾನದ ದುಡ್ಡು ನದಿಗೆ ಸುರಿದ ಹಾಗಾಯಿತು ಎಂದು ಆಡಿಕೊಂಡವರು ಬಹಳ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆದು ಕಾರ್ಖಾನೆಯ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. ಅವರು ಖರ್ಚು ಕತ್ತರಿಸಿ, ವ್ಯವಸ್ಥೆ ಬಿಗಿ ಮಾಡಿ ಅದನ್ನು ನಿಲ್ಲಿಸಿದರು. ಆ ಕೆಲಸಕ್ಕೆ ತಮಗೆ ಬರಬೇಕಾಗಿದ್ದ ಸಂಭಾವನೆಯನ್ನು ಕೈಗೆ ತೆಗೆದುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಿ ಎಂದರು. ಬೆಂಗಳೂರಿನ ಶೇಷಾದ್ರಿ ರಸ್ತೆಯ ಎಸ್‌ಜೆಪಿ, ಅಂದರೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್, ಹಾಗೆ ಬಂದದ್ದು. ಡಿಪ್ಲೊಮಾದವರಾದ ನಾವು ಇಂಜಿನಿಯರ್ಸ್ ಡೇಗೆ ಅವರ ಫೋಟೊಕ್ಕೆ ಹಾರ ಹಾಕುತ್ತೇವೆ. ಭದ್ರಾವತಿಯ ಕಬ್ಬಿಣದ ದುಡ್ಡು ಪಾಲಿಟೆಕ್ನಿಕ್ ಆಯಿತು ಎಂಬ ಈ ಒಂದು ಸಂಗತಿ ನನಗೆ ಹಾರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

1936ರ ಹೊತ್ತಿಗೆ ಉಕ್ಕು ಬಂತು. ಅದೇ ವರ್ಷ ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, ಸ್ಥಾಪನೆಯಾಯಿತು. ಎರಡು ವರ್ಷ ಬಿಟ್ಟು ಸಿಮೆಂಟು. ಜೋಗದ ವಿದ್ಯುತ್ ಬಂದ ಮೇಲೆ ವಿದ್ಯುತ್ ಕುಲುಮೆಗಳು. ಊರು ಬೆಳೆದದ್ದು ಹೀಗೆ, ಕಾರ್ಖಾನೆಯ ಸುತ್ತ ಉಂಗುರ ಉಂಗುರವಾಗಿ: ಹಳೇನಗರ ನದಿಯ ಆ ಕಡೆ ತನ್ನ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನದ ಜೊತೆ ಉಳಿಯಿತು, ಈ ಕಡೆ ನ್ಯೂಟೌನ್, ಹುತ್ತಾ ಕಾಲೊನಿ, ಜನ್ನಾಪುರ, ಕಾಗದನಗರ. ತಮಿಳರು, ತೆಲುಗರು, ಮಲಯಾಳಿಗಳು ಬಂದರು. ದೊಡ್ಡಪ್ಪನ ಕ್ವಾರ್ಟರ್ಸ್‌ನ ಸಾಲಿನಲ್ಲಿ ಹತ್ತು ಮನೆಗೆ ನಾಲ್ಕು ಭಾಷೆ. ದೊಡ್ಡಮ್ಮ ಅಲ್ಲಿ ಕಲಿತ ಮೀನಿನ ಸಾರಲ್ಲ (ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ), ಆದರೆ ಪುಟ್ಟು ಮತ್ತು ವತ್ತಕೊಳಂಬು ಕಲಿತು ಬಂದು ಊರಲ್ಲಿ ಮಾಡಿ ಹಾಕಿದಾಗ ಅಜ್ಜಿ ಮೂಗು ಮುರಿದು, ಆಮೇಲೆ ಎರಡನೇ ಸಲ ಬಡಿಸಿಕೊಂಡರಂತೆ.

ಕಾರ್ಖಾನೆ ಊರಿಗೆ ಕೊಟ್ಟದ್ದು ಸಂಬಳ ಮಾತ್ರ ಅಲ್ಲ. ಆಸ್ಪತ್ರೆ, ಶಾಲೆ, ಕ್ರೀಡಾಂಗಣ, ಕ್ಲಬ್ಬು, ನಾಟಕ. ಜಿ.ಆರ್. ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ ಈ ಊರಿನಲ್ಲೇ. ನಮ್ಮನ್ನು ನಗಿಸಿದ ದೊಡ್ಡಣ್ಣ ಸಿನಿಮಾಕ್ಕೆ ಹೋಗುವ ಮುಂಚೆ ಈ ಕಾರ್ಖಾನೆಯ ನೌಕರ. ನಾಟಕದ ಹುಚ್ಚಿದ್ದ ನೌಕರನಿಗೆ ತಾಲೀಮು ಮಾಡಲು ಜಾಗ, ನೋಡಲು ಪಾಳಿ ಮುಗಿಸಿ ಬಂದ ಜನ ಎರಡೂ ಇದ್ದ ಊರು ಅದು. ಇನ್ನು ಆಕಾಶವಾಣಿ ಭದ್ರಾವತಿ. 675 ಕಿಲೋಹರ್ಟ್ಸ್! ಅಜ್ಜಂಪುರದ ಈರುಳ್ಳಿ ಹೊಲದಿಂದ ಕಡೂರಿನ ತೆಂಗಿನ ತೋಟದವರೆಗೆ ನಮ್ಮ ಹಿರಿಯರ ಬೆಳಗು ಆಗುತ್ತಿದ್ದದ್ದು ಆ ದನಿಯಿಂದ. ಹತ್ತಿರದಲ್ಲೇ ಜಿಲ್ಲಾ ಕೇಂದ್ರ ಇದ್ದರೂ ರೇಡಿಯೊ ಕೇಂದ್ರ ಬಂದದ್ದು ಭದ್ರಾವತಿಗೆ. ಕಾರ್ಮಿಕರ ಊರಿಗೆ ಆಗ ಅಷ್ಟು ತೂಕವಿತ್ತು.

ನಮ್ಮ ಮೂರು ತಾಲ್ಲೂಕಿನವರಿಗೂ ಭದ್ರಾವತಿಗೂ ಇದ್ದ ದಾರಿ ಬಹಳ ಸರಳ. ಕಡೂರು, ಬೀರೂರು, ತರೀಕೆರೆ ಎಲ್ಲ ಒಂದೇ ಹೆದ್ದಾರಿಯ ಮೇಲೆ, ಒಂದೇ ರೈಲಿನ ದಾರಿಯಲ್ಲಿ. ಅಜ್ಜಂಪುರದವರು ಮಾತ್ರ ಹುಬ್ಬಳ್ಳಿ ಲೈನಿನವರು, ಬೀರೂರು ಜಂಕ್ಷನ್‌ನಲ್ಲಿ ಇಳಿದು ಗಾಡಿ ಬದಲಿಸಬೇಕು. ಬುತ್ತಿ ಕಟ್ಟಿಕೊಂಡು ರೈಲಿನಲ್ಲಿ ಹೋಗಿ ಪಾಳಿ ಮುಗಿಸಿ ಮನೆಗೆ ಬಂದು, ಸಂಜೆ ಹಸುವಿಗೆ ಹುಲ್ಲು ಹಾಕುತ್ತಿದ್ದ ‘ಅರ್ಧ ರೈತ, ಅರ್ಧ ಕಾರ್ಮಿಕ’ರು ನಮ್ಮಲ್ಲಿ ಬಹಳ ಜನ. ಮಳೆ ಕೈಕೊಟ್ಟ ವರ್ಷ ಸಂಬಳ ಹಿಡಿದು ನಿಲ್ಲಿಸುತ್ತಿತ್ತು. ಕಾರ್ಖಾನೆಯಲ್ಲಿ ಏನಾದರೂ ಗಲಾಟೆಯಾದರೆ ಹೊಲ ಇತ್ತು. ಈ ಎರಡು ಕಾಲಿನ ನಿಲುವು ಈಗ ನಮಗಿಲ್ಲ. ಊರಲ್ಲಿದ್ದರೆ ಬರೀ ತೋಟ, ಕೆಲಸ ಬೇಕೆಂದರೆ ಬರೀ ಬೆಂಗಳೂರು.

ಎಲ್ಲವೂ ಸೊಗಸಾಗಿತ್ತು ಎಂದು ಹೇಳಿದರೆ ದೊಡ್ಡಪ್ಪನೇ ಒಪ್ಪುವುದಿಲ್ಲ. ಹೊಗೆ ಇತ್ತು. ಹೊಳೆಯ ನೀರಿನ ಬಣ್ಣದ ಬಗ್ಗೆ ದೂರಿತ್ತು. ಕಾಗದಕ್ಕೆಂದು ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟದ್ದಕ್ಕೆ ನಮ್ಮವರೇ ಜಗಳವಾಡಿದ್ದಾರೆ. ಕಾಯಂ ನೌಕರನ ಪಕ್ಕದಲ್ಲಿ ಅದೇ ಯಂತ್ರದ ಮುಂದೆ ಅದೇ ಕೆಲಸ ಮಾಡುವ ಗುತ್ತಿಗೆ ಕಾರ್ಮಿಕನಿಗೆ ಬೇರೆ ಸಂಬಳ, ಬೇರೆ ಗೌರವ. ದೊಡ್ಡಪ್ಪ ಕಾಯಂ. ಅವರ ಮಗ, ನನ್ನಣ್ಣ, ಗುತ್ತಿಗೆ. ಒಂದೇ ಗೇಟು, ಒಂದೇ ಮನೆ, ಎರಡು ಬಗೆಯ ಗುರುತಿನ ಚೀಟಿ.

ಇಳಿಜಾರು ನಿಧಾನವಾಗಿ ಬಂತು. 1962ರಲ್ಲಿ ಕಂಪನಿಯಾಯಿತು, 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಂತು, 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ದೊಡ್ಡ ದೊಡ್ಡ ಕಾರ್ಖಾನೆಗಳ ಕುಟುಂಬದಲ್ಲಿ ಇದು ಚಿಕ್ಕ ಮಗು, ಹೊಸ ಬಟ್ಟೆ ಯಾವಾಗಲೂ ಕೊನೆಗೆ. ಇದರ ನಡುವೆ ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತಿತು. ಸ್ವಂತ ಗಣಿ ಇಲ್ಲದ ಉಕ್ಕಿನ ಕಾರ್ಖಾನೆ ಎಂದರೆ ಪ್ರತಿದಿನ ಅಕ್ಕಿ ಅಂಗಡಿಯಿಂದ ತಂದು ಹೋಟೆಲ್ ನಡೆಸಿದ ಹಾಗೆ. ನಷ್ಟಕ್ಕೆ ಕಾರಣ ಕೇಳಿದಾಗಲೆಲ್ಲ ಮೊದಲು ಬರುವ ಉತ್ತರ ಇದೇ.

ಇಲ್ಲಿ ನನಗೆ ಒಂದು ತೊಡಕು ಇದೆ, ಅದನ್ನು ಮುಚ್ಚಿಡುವುದಿಲ್ಲ. ಗುಡ್ಡ ಅಗೆಯುವುದು ನಿಂತದ್ದು ನನಗೆ ಸಂತೋಷವೇ. ಆ ಬೆಟ್ಟದ ನೀರು ಕುಡಿದು ನಮ್ಮ ತೋಟ ಬದುಕಿದೆ. ಪಕ್ಕದಲ್ಲಿ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. ನಮ್ಮದೇ ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಗಣಿಗಾರಿಕೆ ನಿಂತಾಗ ನಮ್ಮ ಮೇಷ್ಟ್ರುಗಳು ಚಪ್ಪಾಳೆ ತಟ್ಟಿದವರೇ. ಆದರೆ ಕುದುರೆಮುಖದ ಟೌನ್‌ಶಿಪ್ ನೋಡಿಬನ್ನಿ, ಸಾಲು ಸಾಲು ಖಾಲಿ ಮನೆಗಳು. ಗುಡ್ಡ ಉಳಿಸಿದ್ದು ಸರಿ. ಆ ಮನೆಗಳಲ್ಲಿದ್ದವರಿಗೆ ಮುಂದೇನು ಎಂದು ಅಷ್ಟೇ ಆಸ್ಥೆಯಿಂದ ಕೇಳಲಿಲ್ಲ, ಅದು ಸರಿಯಲ್ಲ. ಎರಡನ್ನೂ ಒಟ್ಟಿಗೆ ಹೇಳುವುದು ಸಾಧ್ಯ ಎಂದೇ ನಾನು ಅಂದುಕೊಂಡಿದ್ದೇನೆ.

ಎಂಪಿಎಂ ಅಂತೂ 2015ರಲ್ಲೇ ಉತ್ಪಾದನೆ ನಿಲ್ಲಿಸಿತು. 1981ರಿಂದ ಅಲ್ಲಿ ಪತ್ರಿಕೆಗಳ ಕಾಗದ ತಯಾರಾಗುತ್ತಿತ್ತು. ನಮ್ಮಪ್ಪ ಓದಿ ಬೆಳೆದ ಕನ್ನಡ ಪತ್ರಿಕೆಗಳಿಗೆ ಭದ್ರಾವತಿಯ ಕಾಗದ ಹೋಗುತ್ತಿತ್ತು. ಅದರದೇ ಸಕ್ಕರೆ ಕಾರ್ಖಾನೆಗೆ ನಮ್ಮ ಕಡೆಯ ಕಬ್ಬೂ ಹೋಗುತ್ತಿತ್ತು. ಆ ಕಬ್ಬಿನ ಗದ್ದೆಗಳಲ್ಲಿ ಈಗ ಅಡಿಕೆ ನಿಂತಿದೆ. ಉಕ್ಕಿನ ಕಾರ್ಖಾನೆಯನ್ನು 2016ರಿಂದ ಮಾರಲು ನೋಡಿದರು, ಕೊಳ್ಳುವವರು ಸಿಗಲಿಲ್ಲ. 2023ರಲ್ಲಿ ಮುಚ್ಚುತ್ತೇವೆ ಎಂದಾಗ ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರ ಬದುಕು ತೂಗುಯ್ಯಾಲೆಗೆ ಬಿತ್ತು. ಗೇಟಿನ ಮುಂದೆ ಪೆಂಡಾಲು ಹಾಕಿ ಕುಳಿತರು, ನನ್ನಣ್ಣನೂ ಕುಳಿತ. ಆಮೇಲೆ ಬಾರ್ ಮಿಲ್‌ನಂಥ ವಿಭಾಗ ಮತ್ತೆ ಉರುಳಿತು. 2024ರಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಬಂದು ನೋಡಿ ಭರವಸೆ ಕೊಟ್ಟರು. ಭರವಸೆ ನಮ್ಮ ಕಡೆ ಚೆನ್ನಾಗಿ ಬೆಳೆಯುವ ಬೆಳೆ, ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಇಂಥ ಊರುಗಳು ಬೇರೆ ಕಡೆ ಏನಾದವು ಎಂದು ಹುಡುಕುವಾಗ ನನಗೆ ಸಿಕ್ಕಿದ್ದು ಬ್ಲೇನಾವನ್. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ಎಂಬ ಪುಟ್ಟ ಗುಡ್ಡಗಾಡು ನಾಡಿನ ಊರು ಅದು. ಕಬ್ಬಿಣದ ಕಾರ್ಖಾನೆ ಶುರುವಾದದ್ದು 1789ರಲ್ಲಿ. ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು ಮೂರೂ ಸುತ್ತಲ ಗುಡ್ಡದಲ್ಲೇ. ರಂಜಕ ಹೆಚ್ಚಿರುವ ಅದಿರಿನಿಂದ ಒಳ್ಳೆಯ ಉಕ್ಕು ಮಾಡುವ ದಾರಿಯನ್ನು 1878ರ ಸುಮಾರಿಗೆ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಮತ್ತು ಪರ್ಸಿ ಗಿಲ್‌ಕ್ರಿಸ್ಟ್ ಎಂಬ ಸೋದರ ಸಂಬಂಧಿಗಳು ಪ್ರಯೋಗ ಮಾಡಿ ನೋಡಿದ್ದು ಅಲ್ಲೇ. ಆ ಊರಿನ ಕಾರ್ಮಿಕರು 1890ರ ದಶಕದಲ್ಲಿ ತಮ್ಮ ಸಂಬಳದಿಂದ ಪುಡಿಗಾಸು ಕೂಡಿಸಿ ಒಂದು ದೊಡ್ಡ ಭವನ ಕಟ್ಟಿಸಿಕೊಂಡರು, ಓದಲು ಗ್ರಂಥಾಲಯ ಸಮೇತ. ಮಾಲೀಕ ಕೊಟ್ಟದ್ದಲ್ಲ, ತಾವೇ ಕಟ್ಟಿಕೊಂಡದ್ದು. ಈ ವ್ಯತ್ಯಾಸ ನನಗೆ ನಾಟಿತು. ನಮ್ಮಲ್ಲಿ ಎಲ್ಲವನ್ನೂ ಕಾರ್ಖಾನೆಯೇ ಕೊಟ್ಟಿತು. ಹಾಗಾಗಿ ಕಾರ್ಖಾನೆ ಸೊರಗಿದಾಗ ಎಲ್ಲವೂ ಸೊರಗಿತು.

ಬ್ಲೇನಾವನ್‌ನ ಕೊನೆಯ ದೊಡ್ಡ ಕಲ್ಲಿದ್ದಲು ಗಣಿ ‘ಬಿಗ್ ಪಿಟ್’ 1980ರಲ್ಲಿ ಮುಚ್ಚಿತು. 1983ರಲ್ಲಿ ಅದನ್ನೇ ಮ್ಯೂಸಿಯಂ ಮಾಡಿ ತೆರೆದರು. ಜನ ಹೆಲ್ಮೆಟ್ ಹಾಕಿಕೊಂಡು ನಿಜವಾದ ಲಿಫ್ಟಿನಲ್ಲಿ ಗಣಿಯೊಳಗೆ ಇಳಿಯುತ್ತಾರೆ, ಕೆಳಗೆ ಕರೆದುಕೊಂಡು ಹೋಗಿ ತೋರಿಸುವವರು ಹಳೆಯ ಗಣಿ ಕಾರ್ಮಿಕರೇ. 2000ದಲ್ಲಿ ಆ ಇಡೀ ಪ್ರದೇಶ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಾಗೆಂದು ಅಲ್ಲಿ ಸ್ವರ್ಗ ಇಳಿದುಬಂದಿಲ್ಲ. ಒಂದು ಕಾಲಕ್ಕೆ 20,000 ದಾಟಿದ್ದ ಜನಸಂಖ್ಯೆ ಈಗ 6,000ದ ಆಸುಪಾಸು. ಪುಸ್ತಕದಂಗಡಿಗಳ ಊರು ಮಾಡುತ್ತೇವೆ ಎಂದು 2003ರಲ್ಲಿ ಹೊರಟದ್ದೂ ನಿಲ್ಲಲಿಲ್ಲ. ಅದೇ ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ಕೊನೆಯ ಊದುಕುಲುಮೆ ಆರಿದ್ದು ಮೊನ್ನೆ ಮೊನ್ನೆ, 2024ರ ಸೆಪ್ಟೆಂಬರ್ 30ರಂದು. ಅದರ ಮಾಲೀಕರು ನಮ್ಮ ಟಾಟಾದವರು. ಅಲ್ಲಿ ಕುಲುಮೆಯ ಬದಲು ಗುಜರಿ ಕಬ್ಬಿಣ ಕರಗಿಸುವ ವಿದ್ಯುತ್ ಕುಲುಮೆ ಬರುತ್ತದಂತೆ, ಆದರೆ ಅದಕ್ಕೆ ಮೊದಲಿನಷ್ಟು ಕೈಗಳು ಬೇಕಿಲ್ಲ.

ಮ್ಯೂಸಿಯಂ ಬಂದರೆ ನನಗೆ ಕೆಲಸ ಸಿಗುತ್ತದೆಯೇ? ಹತ್ತು ಜನಕ್ಕೆ ಸಿಗಬಹುದು. ಅದಕ್ಕಾಗಿ ಅಲ್ಲ ನಾನು ಇದನ್ನು ಹೇಳುತ್ತಿರುವುದು. ಬ್ಲೇನಾವನ್‌ನ ಹುಡುಗನಿಗೆ ತನ್ನ ಊರು ಜಗತ್ತಿಗೆ ಏನು ಕೊಟ್ಟಿತು ಎಂದು ತೋರಿಸಲು ಒಂದು ಜಾಗವಾದರೂ ಇದೆ. ಕೆಮ್ಮಣ್ಣುಗುಂಡಿಗೆ ವರ್ಷಕ್ಕೆ ಎಷ್ಟೋ ಬಸ್ಸು ಜನ ಹೋಗುತ್ತಾರೆ. ರೋಪ್‌ವೇ ಬಕೆಟ್ ಒಂದನ್ನು ರಾಜಭವನದ ಮುಂದೆ ಇಟ್ಟು, ಕೆಳಗೆ ನಾಲ್ಕು ಸಾಲು ಬರೆಯಲು ಎಷ್ಟು ಖರ್ಚಾದೀತು?

ಆದರೆ ನಿಜವಾಗಿ ಹೋದದ್ದು ಬೇರೆ. ನಾನು ಹಳೆಯ ನೌಕರರನ್ನು ಮಾತನಾಡಿಸುತ್ತ ಹೋದಂತೆ ಇದು ಗೊತ್ತಾಯಿತು. ಎಸ್ಸೆಸ್ಸೆಲ್ಸಿ ಫೇಲಾದ ಕಡೂರಿನ ಹುಡುಗ ಕಾರ್ಖಾನೆಗೆ ಕೂಲಿಯಾಗಿ ಸೇರಿ, ಹಿರಿಯ ಫಿಟ್ಟರ್ ಒಬ್ಬರ ಹಿಂದೆ ಪಾನಾ ಹಿಡಿದು ನಿಂತು, ಐದು ವರ್ಷದಲ್ಲಿ ತಾನೇ ಫಿಟ್ಟರ್ ಆಗುತ್ತಿದ್ದ. ಟರ್ನರ್, ಮೋಲ್ಡರ್, ವೆಲ್ಡರ್, ಮರದ ಅಚ್ಚು ಮಾಡುವವನು, ಹೀಗೆ ಒಂದೊಂದು ಕಸುಬಿಗೂ ಒಬ್ಬೊಬ್ಬ ಗುರು. ಬಯ್ಯುತ್ತಿದ್ದರು, ಕೆಲವೊಮ್ಮೆ ತಲೆಗೆ ಮೊಟಕುತ್ತಿದ್ದರು, ಆದರೆ ಕಲಿಸುತ್ತಿದ್ದರು. ಯಾಕೆಂದರೆ ಈ ಹುಡುಗ ನಾಳೆಯೂ ಇಲ್ಲೇ ಇರುತ್ತಾನೆ, ನಾಡಿದ್ದು ನನ್ನ ಜಾಗಕ್ಕೆ ಬರುತ್ತಾನೆ ಎಂದು ಅವರಿಗೆ ಗೊತ್ತಿತ್ತು. ನನ್ನ ಏಳು ತಿಂಗಳ ‘ಟ್ರೇನಿ’ಗಿರಿಯಲ್ಲಿ ಯಾರೂ ನನಗೆ ಬೈಯಲಿಲ್ಲ. ಹನ್ನೊಂದನೇ ತಿಂಗಳಿಗೆ ಇರದ ಹುಡುಗನಿಗೆ ಬೈದು ಏನು ಪ್ರಯೋಜನ? ಹಳ್ಳಿಯಿಂದ ಕಸುಬಿಗೆ ಹತ್ತುವ ಏಣಿಯ ನಡುವಿನ ಮೆಟ್ಟಿಲು ಅದು. ಕೆಳಗಿನ ಮೆಟ್ಟಿಲು ಐಟಿಐ, ಪಾಲಿಟೆಕ್ನಿಕ್ ರೂಪದಲ್ಲಿ ಇದೆ. ಮೇಲಿನದು ಬೆಂಗಳೂರಿನಲ್ಲಿ, ಪುಣೆಯಲ್ಲಿ ಇದೆ. ನಡುವಿನದನ್ನು ಕಿತ್ತ ಮೇಲೆ ಎಲ್ಲರೂ ನಮಗೆ ‘ಸ್ಕಿಲ್ ಇಲ್ಲ’ ಎನ್ನುತ್ತಾರೆ.

ಭದ್ರಾವತಿ ಉಳಿಯಲಿ ಎಂದು ಹೇಳುವಾಗ ಹಳೆಯ ಚಿಮಣಿಯಲ್ಲಿ ಹೊಗೆ ಬರಲಿ ಎಂದಷ್ಟೇ ಕೇಳಿದರೆ ಸಾಲದು ಎಂದು ನನ್ನ ಅನಿಸಿಕೆ. ಅಲ್ಲಿರುವ ಲೇತು, ಮಿಲ್ಲು, ಫೌಂಡ್ರಿ ಮತ್ತು ಇನ್ನೂ ಕೈ ಆಡುವ ನಿವೃತ್ತ ಕಸುಬುದಾರರು ಇವರಿಷ್ಟೂ ಇರುವಾಗಲೇ ಸುತ್ತಲ ಐದಾರು ತಾಲ್ಲೂಕಿನ ಹುಡುಗ ಹುಡುಗಿಯರಿಗೆ ಸಂಬಳ ಕೊಟ್ಟು ಕಲಿಸುವ ಜಾಗ ಆಗಬೇಕು. ತನ್ನ ದುಡಿಮೆಯನ್ನು ಕಸುಬು ಕಲಿಸಲು ಕೊಟ್ಟವರ ಹೆಸರನ್ನು ಗೇಟಿನ ಮೇಲೆ ಬರೆದುಕೊಂಡ ಕಾರ್ಖಾನೆ ತಾನೆ ಅದು.

ಕಳೆದ ಮಳೆಗಾಲದಿಂದ ನಾನು ಮೊಬೈಲಿನಲ್ಲಿ ಹಳೆಯ ನೌಕರರ ಮಾತು ಧ್ವನಿಮುದ್ರಿಸಿಕೊಳ್ಳುತ್ತಿದ್ದೇನೆ. ಅಜ್ಜ ಹೋಗಿ ನಾಲ್ಕು ವರ್ಷವಾಯಿತು, ಅವರದು ಸಿಗಲಿಲ್ಲ. ಇದುವರೆಗೆ ಹನ್ನೊಂದು ಜನ: ತರೀಕೆರೆ ಕಡೆಯವರು ಆರು, ಕಡೂರು ಬೀರೂರಿನವರು ಮೂವರು, ಅಜ್ಜಂಪುರದವರು ಇಬ್ಬರು. ಕುಲುಮೆಯ ಬಾಯಿ ತೆರೆಯುವಾಗ ಮಣ್ಣಿನ ಬಿರಡೆ ಹೇಗೆ ಒಡೆಯುತ್ತಿದ್ದರು, ಕರಗಿದ ಕಬ್ಬಿಣದ ಬಣ್ಣ ನೋಡಿಯೇ ಅದು ಸಾಕಷ್ಟು ಬಿಸಿಯಾಗಿದೆಯೇ ಎಂದು ಹೇಗೆ ಹೇಳುತ್ತಿದ್ದರು, ರಾತ್ರಿ ಪಾಳಿಯಲ್ಲಿ ಯಾರು ಚೆನ್ನಾಗಿ ಹಾಡುತ್ತಿದ್ದರು ಎಂಬುದೆಲ್ಲ ಅದರಲ್ಲಿದೆ. ನಿಮ್ಮ ಮನೆಯಲ್ಲೂ ಅಂಥ ತಾತ, ಮಾವ ಇದ್ದರೆ ಮೊಬೈಲು ಅವರ ಮುಂದಿಡಿ, ತಡ ಮಾಡಬೇಡಿ.

ಹನ್ನೊಂದನೆಯವರು ಅಜ್ಜಂಪುರದವರು, ಎಂಬತ್ತು ದಾಟಿದ ಮೋಲ್ಡರ್. ಎರಡು ಗಂಟೆ ಮಾತನಾಡಿದರು. ಅಚ್ಚಿನ ಮರಳಿಗೆ ಎಷ್ಟು ನೀರು ಹಾಕಬೇಕು ಎಂದು ತೋರಿಸಲು ಅಂಗಳದ ಮಣ್ಣು ತೆಗೆದು ನೀರು ಚಿಮುಕಿಸಿ ಮುಷ್ಟಿಯಲ್ಲಿ ಹಿಸುಕಿ, ಮುರಿದು ತೋರಿಸಿದರು. ನನ್ನ ಕೈಯಲ್ಲೂ ಮಾಡಿಸಿದರು. ನನ್ನದು ಪುಡಿಪುಡಿಯಾಯಿತು. ‘ಇದನ್ನೆಲ್ಲ ಇಟ್ಕಂಡು ಏನ್ ಮಾಡ್ತೀಯಪ್ಪ? ಕೆಲ್ಸ ಸಿಕ್ತಾ ನಿಂಗೆ?’ ಎಂದು ಕೇಳಿದರು. ‘ಇನ್ನೂ ಇಲ್ಲ ತಾತ’ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಕೈ ನೋಡಿದರು. ‘ಹಂಗಾದ್ರೆ ಇನ್ನೊಂದ್ಸಲ ಹಿಸ್ಕು, ನೀರು ಕಮ್ಮಿ ಆಗೈತೆ’ ಎಂದು ಚೊಂಬನ್ನು ನನ್ನ ಕಡೆ ತಳ್ಳಿದರು.